ಚೀನೀ ಭಾಷೆಯಲ್ಲಿ ಸದ್ದು, ಗದ್ದಲ, ಅನುಕರಣ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಅಧಿಕೃತ ಮಾತಾದ ಮ್ಯಾಂಡರಿನ್ ಕಲಿಯುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭವಾದವು ಮೊದಲು, ಕಷ್ಟದವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಸದ್ದಿನ ಪದಗಳನ್ನು ಮಕ್ಕಳ ಮಾತು ಅಂತ ಪಕ್ಕಕ್ಕಿಡುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಕನ್ನಡದವರಿಗೆ ಚೀನೀ ಭಾಷೆಯೊಳಗೆ ಹೋಗಲು ಇಷ್ಟು ಹತ್ತಿರದ ದಾರಿ ಬೇರೆ ಇಲ್ಲ.

## ಶುರು ಮಾಡುವವರಿಗೆ

'ಸದ್ದು' ಅನ್ನೋಕೆ ಚೀನೀ ಭಾಷೆಯಲ್ಲಿ ಯಾವ ಪದ ಬಳಸಬೇಕು?

ಸಾಮಾನ್ಯ ಪದ 'ಶಂಗ್‌ಯಿನ್'. ಮನುಷ್ಯರ ದನಿ, ಗಾಳಿಯ ಸದ್ದು, ಟಿವಿಯ ವಾಲ್ಯೂಮ್ ಎಲ್ಲಕ್ಕೂ ಇದು ನಡೆಯುತ್ತದೆ. 'ಶ್ಯಾಂಗ್' ಅಂದರೆ ಸದ್ದಾಗು, ಮೊಳಗು. ಗಂಟೆ ಬಾರಿಸಿದಾಗ, ಫೋನ್ ರಿಂಗ್ ಆದಾಗ ಇದು ಬೇಕು. ಬೇಡದ ಸದ್ದು 'ಝಾವ್‌ಯಿನ್'. ಕಾನೂನು ಮತ್ತು ಸರ್ಕಾರಿ ಕಾಗದಗಳಲ್ಲಿ ಅದೇ 'ಝಾವ್‌ಶಂಗ್' ಆಗುತ್ತದೆ. 2022ರ ಜೂನ್ 5ರಿಂದ ಚೀನಾದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ಕಾಯ್ದೆಯ ಹೆಸರಿನಲ್ಲಿ ಇರುವುದೂ ಈ ಝಾವ್‌ಶಂಗ್ ಪದವೇ. ಅನುಕರಣ ಪದಗಳನ್ನು ವ್ಯಾಕರಣದಲ್ಲಿ 'ನೀಶಂಗ್‌ತ್ಸ' ಅನ್ನುತ್ತಾರೆ. ನಮ್ಮ ಅನುಕರಣಾವ್ಯಯದ ಜಾಗ ಅದರದ್ದು.

ಅಲ್ಲಿನ ನಾಯಿ, ಬೆಕ್ಕು, ಕೋಳಿ ಹೇಗೆ ಕೂಗ್ತವೆ?

ನಾಯಿ 'ವಾಂಗ್‌ವಾಂಗ್', ಬೆಕ್ಕು 'ಮ್ಯಾವ್', ಹಸು 'ಮೋ', ಕುರಿ 'ಮಿಯೆ', ಬಾತುಕೋಳಿ 'ಗಾಗಾ', ಕಪ್ಪೆ 'ಗ್ವಾಗ್ವಾ', ಹುಂಜ 'ವೋವೋ', ಜೇನುನೊಣ 'ವಂಗ್‌ವಂಗ್'. ಹಕ್ಕಿಗಳ ಚಿಲಿಪಿಲಿ 'ಜೀಜೀ ಜಾಜಾ'. ಆದರೆ ಇದೇ ಜೀಜೀ ಜಾಜಾವನ್ನು ಗುಂಪಿನಲ್ಲಿ ಕೂತು ಬಿಡದೆ ಹರಟುವ ಜನರಿಗೂ ಹೇಳುತ್ತಾರೆ. ಆಗ ಅದರಲ್ಲಿ ಮೆಚ್ಚುಗೆ ಇರುವುದಿಲ್ಲ.

ನಾಯಿಯ ವಾಂಗ್‌ಗೆ ಇನ್ನೊಂದು ಭಾಗ್ಯ ಇದೆ. ಬೇರೆ ಟೋನ್‌ನಲ್ಲಿ, ಅಂದರೆ ದನಿಯನ್ನು ಬೇರೆ ರೀತಿ ಏರಿಳಿಸಿ ಹೇಳಿದರೆ, 'ವಾಂಗ್' ಅಂದರೆ ಏಳಿಗೆ, ಸಮೃದ್ಧಿ. 2018 ನಾಯಿಯ ವರ್ಷವಾಗಿತ್ತು. ಆಗ ಹೊಸ ವರ್ಷದ ಶುಭಾಶಯಗಳಲ್ಲಿ ಈ ಶ್ಲೇಷೆ ಎಲ್ಲೆಲ್ಲೂ ಕಾಣುತ್ತಿತ್ತು.

ಬ, ದ, ಗ ಅಂತ ಬರೀತೀರಲ್ಲ, ಅವರು ಹಾಗೇ ಹೇಳ್ತಾರಾ?

ಇಲ್ಲ. ಚೀನೀ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅನ್ನುತ್ತಾರೆ. ಇಲ್ಲಿ ಆ ಬರಹವನ್ನು ಅನುಸರಿಸಿ ಬರೆದಿದ್ದೇನೆ, ಅಷ್ಟೇ. ಮ್ಯಾಂಡರಿನ್‌ನಲ್ಲಿ ನಮ್ಮ ಬ, ದ, ಗ ಇಲ್ಲ. ಪಿನ್‌ಯಿನ್‌ನ 'ದೊಂಗ್' ಕಿವಿಗೆ ನಮ್ಮ 'ತೊಂಗ್' ಥರ ಕೇಳುತ್ತದೆ. ಪಿನ್‌ಯಿನ್‌ನ 'ತೊಂಗ್' ನಮ್ಮ 'ಥೊಂಗ್'. ಹಾಗೆಯೇ ಅವರ 'ಪಾ' ಉಸಿರು ತುಂಬಿದ ಮಹಾಪ್ರಾಣ. ಶಾಲೆಯಲ್ಲಿ ಕಲಿತ ಅಲ್ಪಪ್ರಾಣ, ಮಹಾಪ್ರಾಣ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಪಾ' ಹೇಳಿ ನೋಡಿ. ಗಾಳಿ ತಾಗಿದರೆ ಸರಿಯಾಗಿದೆ ಅಂತ ಅರ್ಥ.

ಸದ್ದಿನ ಪದಕ್ಕೂ ಟೋನ್ ಕಲೀಬೇಕಾ?

ಕಲಿಯಬೇಕು, ಆದರೆ ಹೊರೆ ಕಡಿಮೆ. ಬಹುಪಾಲು ಅನುಕರಣ ಪದಗಳು ಒಂದನೇ ಟೋನ್‌ನಲ್ಲಿರುತ್ತವೆ. ಅಂದರೆ ದನಿ ಎತ್ತರದಲ್ಲಿ ಶುರುವಾಗಿ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಜಿಟಿಜಿಟಿ ಮಳೆಯ 'ಶೀಲಿ', ಸೀನಿನ 'ಆತಿ'ಗಳಲ್ಲಿ ಎರಡನೇ ಭಾಗ ಕೆಳಗಿಳಿಯುತ್ತದೆ. ಅಂಥವು ಕೆಲವೇ.

ಉದ್ಗಾರಗಳ ಕಥೆ ಬೇರೆ. 'ಂಗ್' ಎಂದು ಮೂಗಿನಲ್ಲಿ ಹೇಳುವ ಸದ್ದನ್ನು ಮೇಲಕ್ಕೆಳೆದರೆ 'ಏನಂದ್ರಿ?', ಕೆಳಕ್ಕಿಳಿಸಿದರೆ 'ಹೂಂ, ಸರಿ'. ನಮ್ಮ 'ಹಾಂ?' ಮತ್ತು 'ಹಾಂ' ನಡುವಿನ ವ್ಯತ್ಯಾಸ ಇದೇ ಅಲ್ವಾ? ನಮಗೆ ಅದು ಅಭ್ಯಾಸದಿಂದ ಬಂದದ್ದು. ಅವರಿಗೆ ನಿಘಂಟಿನಲ್ಲೇ ಇದೆ.

## ವಾಕ್ಯದೊಳಗೆ

'ಧೊಪ್ಪನೆ ಬಿತ್ತು', 'ಧಡಾರನೆ ಬಾಗಿಲು ಹಾಕಿದ' ಅಂತ ಹೇಗೆ ಹೇಳೋದು?

ಇಡೀ ವಿಷಯದಲ್ಲಿ ಒಂದನ್ನು ಮಾತ್ರ ಕಲಿಯುತ್ತೇನೆ ಅಂದರೆ ಇದನ್ನು ಕಲಿಯಿರಿ. ಕನ್ನಡದಲ್ಲಿ ಸದ್ದಿಗೆ 'ಅನೆ' ಅಥವಾ 'ಎಂದು' ಸೇರಿಸಿ ಕ್ರಿಯೆಯ ಮುಂದೆ ಇಡುತ್ತೇವೆ. ಚೀನೀ ಭಾಷೆಯಲ್ಲಿ ಆ ಕೆಲಸಕ್ಕೆ ಎರಡು ದಾರಿ ಇವೆ.

ಒಂದೇ ಸಲ ಆಗಿ ಮುಗಿದ ಸದ್ದಿಗೆ 'ದ ಯಿ ಶಂಗ್' ಹಾಕಬೇಕು. ಬಾಗಿಲು ಬಡಿದ ಸದ್ದು 'ಪಂಗ್'. 'ಪಂಗ್ ದ ಯಿ ಶಂಗ್, ಮನ್ ಗ್ವಾನ್‌ಶಾಂಗ್ ಲ' ಅಂದರೆ 'ಧಡಾರನೆ ಬಾಗಿಲು ಮುಚ್ಚಿತು'. 'ಯಿ ಶಂಗ್' ಅಂದರೆ ಒಂದು ಸದ್ದು. ನೀರಿಗೆ ಹಾರಿದರೆ 'ಪೂತೊಂಗ್ ಯಿ ಶಂಗ್', ಕೊಂಬೆ ಮುರಿದರೆ 'ಕಾಚಾ ಯಿ ಶಂಗ್'. ನಡುವಿನ 'ದ' ಬಿಟ್ಟರೂ ನಡೆಯುತ್ತದೆ.

ಸದ್ದು ಬಿಡದೆ ಬರುತ್ತಿದ್ದರೆ ಪದವನ್ನು ಎರಡು ಸಲ ಹೇಳಿ 'ದ' ಸೇರಿಸಬೇಕು. 'ಯು ಹ್ವಾಹ್ವಾ ದ ಶ್ಯಾಜ' ಅಂದರೆ ಮಳೆ ಧೋ ಎಂದು ಸುರಿಯುತ್ತಿದೆ. ಎದೆ ಢವಢವ ಅಂದರೆ 'ಪೂತೊಂಗ್ ಪೂತೊಂಗ್ ದ ತ್ಯಾವ್'. ಬರೆಯುವಾಗ ಮಾತ್ರ ಎಚ್ಚರ. ಮೊದಲ ಬಗೆಯ 'ದ'ಕ್ಕೂ ಎರಡನೇ ಬಗೆಯ 'ದ'ಕ್ಕೂ ಉಚ್ಚಾರ ಒಂದೇ, ಅಕ್ಷರ ಬೇರೆ.

ಇನ್ನೊಂದು ಅಚ್ಚು ಇದೆ, ಬಾಯಿಪಾಠ ಮಾಡಿಬಿಡಿ: 'ಹಾಹಾ ದಾ ಶಿಯಾವ್', ಗಹಗಹಿಸಿ ನಗು. 'ವಾವಾ ದಾ ಕು', ಗೊಳೋ ಎಂದು ಅಳು. 'ಹೂಹೂ ದಾ ಶ್ವೇ', ಗೊರಕೆ ಹೊಡೆಯುತ್ತಾ ಗಾಢವಾಗಿ ಮಲಗು. ನಡುವಿನ 'ದಾ' ಅಂದರೆ ದೊಡ್ಡದು. ಇದು ಹಿಂದಿನ 'ದ' ಅಲ್ಲ.

ನಾಯಿ ಬೊಗಳುತ್ತೆ, ಕುದುರೆ ಕೆನೆಯುತ್ತೆ ಅನ್ನೋ ಹಾಗೆ ಬೇರೆ ಬೇರೆ ಕ್ರಿಯಾಪದ ಇವೆಯಾ?

ಮಾತಿನಲ್ಲಿ 'ಜ್ಯಾವ್' ಒಂದೇ ಸಾಕು. ನಾಯಿ, ಹಕ್ಕಿ, ಕಪ್ಪೆ, ಜೀರುಂಡೆ ಎಲ್ಲಕ್ಕೂ ಅದೇ. ಬರಹದಲ್ಲಿ ನಾಯಿಗೆ 'ಫೇ', ಹಕ್ಕಿಗೆ 'ಮಿಂಗ್', ಸಿಂಹಕ್ಕೆ 'ಹೋ', ಕುದುರೆಗೆ 'ಸ' ಬರುತ್ತವೆ. ಮೊದಲ ಎರಡು ವರ್ಷ ಇವನ್ನು ಓದಿದಾಗ ಗುರುತಿಸಿದರೆ ಸಾಕು, ಬಳಸುವ ತುರ್ತಿಲ್ಲ.

ಗಮನಿಸಬೇಕಾದದ್ದು 'ದಾ' ಎಂಬ ಕ್ರಿಯಾಪದ. ಅದರ ಮೂಲ ಅರ್ಥ ಹೊಡೆ. ಗುಡುಗುವುದು 'ದಾ ಲೇ', ಸೀನುವುದು 'ದಾ ಪಂತಿ', ಬಿಕ್ಕಳಿಸುವುದು 'ದಾ ಗ', ಗೊರಕೆ 'ದಾ ಹೂಲು', ಹುಂಜ ಕೂಗುವುದು 'ದಾ ಮಿಂಗ್'. ಗೊರಕೆ 'ಹೊಡೆಯುವ' ನಮಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಮೇಲಿನ ಮನೆಯವರು ರಾತ್ರಿಯೆಲ್ಲ ಸದ್ದು ಮಾಡ್ತಾರೆ. ಜಗಳ ಆಗದ ಹಾಗೆ ಹೇಗೆ ಹೇಳಲಿ?

'ಬು ಹಾವ್‌ಯಿಸ, ನಂಗ್ ಬು ನಂಗ್ ಶಿಯಾವ್‌ಶಂಗ್ ದ್ಯಾರ್?' ಎನ್ನಿ. 'ತೊಂದರೆ ಕೊಡ್ತಿದ್ದೀನಿ, ಸ್ವಲ್ಪ ಸದ್ದು ಕಡಿಮೆ ಮಾಡ್ತೀರಾ?' ಎಂಬಷ್ಟು ಮೆತ್ತಗಿನ ಮಾತು. 'ಚಾವ್ ಸ ಲ' ಅಂದರೆ 'ಗಲಾಟೆ ಕೇಳಿ ಸತ್ತೇಹೋದೆ'. ಅದನ್ನು ಗೆಳೆಯರ ಹತ್ತಿರ ಗೊಣಗುವಾಗ ಹೇಳಬಹುದು, ನೆರೆಯವರ ಮುಖಕ್ಕೆ ಬೇಡ. 'ಬ್ಯೆ ಚಾವ್' ಮಕ್ಕಳನ್ನು ಗದರುವ ಮಾತು. ಮೇಲಿಂದ ಕೇಳುವ ಹೆಜ್ಜೆ ಸದ್ದಿಗೆ 'ದೊಂಗ್‌ದೊಂಗ್‌ದೊಂಗ್' ಎಂದರೆ ಬೇರೆ ವಿವರಣೆ ಬೇಡ.

ಹೋಟೆಲಲ್ಲಿ ಅಷ್ಟೊಂದು ಗಲಾಟೆ ಇದ್ರೂ 'ರನಾವ್' ಅಂತ ಖುಷಿಪಡ್ತಾರಲ್ಲ, ಯಾಕೆ?

'ರನಾವ್' ಪದದ ಒಳಗೆ ಎರಡು ಭಾಗ ಇವೆ: ಬಿಸಿ ಮತ್ತು ಗದ್ದಲ. ಜನ ಸೇರಿ ಕಳೆಗಟ್ಟಿದೆ ಎಂಬ ಮೆಚ್ಚುಗೆ ಅದರಲ್ಲಿದೆ. ಮದುವೆ, ಸಂತೆ, ಹಬ್ಬದ ಊಟ ರನಾವ್ ಆಗದಿದ್ದರೆ ಏನೋ ಕೊರತೆ. ಅದೇ ಸದ್ದು ಬೇಡವಾದರೆ 'ಚಾವ್'. ವ್ಯತ್ಯಾಸ ಡೆಸಿಬಲ್‌ನಲ್ಲಿ ಇಲ್ಲ, ಹೇಳುವವರು ಆ ಗುಂಪಿನ ಒಳಗಿದ್ದಾರೋ ಹೊರಗಿದ್ದಾರೋ ಎಂಬುದರಲ್ಲಿದೆ. ಸಂಜೆ ಚೌಕಗಳಲ್ಲಿ ಸ್ಪೀಕರ್ ಹಾಕಿಕೊಂಡು ಗುಂಪಾಗಿ ಕುಣಿಯುವ ಹಿರಿಯರಿಗೆ ಅದು ರನಾವ್. ಕಿಟಕಿ ಆಚೆ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೆ ಚಾವ್.

ಪಟಾಕಿಯದೂ ಇದೇ ಪಾಡು. ಪಟಾಕಿಗೆ ಚೀನೀ ಹೆಸರು 'ಬಾವ್‌ಜು', ಅಂದರೆ ಸಿಡಿಯುವ ಬಿದಿರು. ಹಿಂದೆ ಬಿದಿರನ್ನೇ ಬೆಂಕಿಗೆ ಹಾಕಿ ಸಿಡಿಸುತ್ತಿದ್ದರು. ಸದ್ದಿಗೆ ಕೆಡುಕು ಹೆದರುತ್ತದೆ ಎಂಬ ನಂಬಿಕೆ. ಬೀಜಿಂಗ್ ನಗರ 1993ರಲ್ಲಿ ಪಟಾಕಿ ನಿಷೇಧಿಸಿ, 2005ರಲ್ಲಿ ಸಡಿಲಿಸಿ, ಆಮೇಲೆ ಮತ್ತೆ ಬಿಗಿ ಮಾಡಿತು. ಸದ್ದಿಲ್ಲದ ಹಬ್ಬ ಹಬ್ಬವೇ ಅಲ್ಲ ಎನ್ನುವವರೂ ಹೊಗೆ, ಗದ್ದಲ ಸಾಕು ಎನ್ನುವವರೂ ಅಲ್ಲಿ ಇದ್ದಾರೆ.

## ಪದಗಳ ಕಟ್ಟಣೆ

ಒಂದೇ ಸದ್ದಿನ ಪದವನ್ನ ಎಷ್ಟು ಥರ ಹಿಗ್ಗಿಸಬಹುದು?

'ಹ್ವಾಲಾ' ತಗೊಳ್ಳಿ. ಏನೋ ಒಂದು ರಾಶಿ ಒಟ್ಟಿಗೆ ಸುರಿದ ಸದ್ದು ಅದು. ಗೋಡೆ ಕುಸಿದರೆ 'ಹ್ವಾಲಾ ಯಿ ಶಂಗ್'. ಮಳೆ ಸುರಿಯುತ್ತಲೇ ಇದ್ದರೆ 'ಹ್ವಾಲಾಲಾ'. ಮಜೊಂಗ್ ಆಟದ ಬಿಲ್ಲೆಗಳನ್ನು ಮೇಜಿನ ಮೇಲೆ ಕಲೆಸುವಾಗ 'ಹ್ವಾಲಾ ಹ್ವಾಲಾ'. ಮುಂದೆ ಹೋಗಿ 'ಶೀಲಿ ಹ್ವಾಲಾ' ಆದಾಗ ಅದು ಸದ್ದನ್ನೂ ದಾಟುತ್ತದೆ. ಒಬ್ಬಳು 'ಶೀಲಿ ಹ್ವಾಲಾ' ಅತ್ತಳು ಅಂದರೆ ತಡೆಯಲಾಗದೆ ಅತ್ತಳು. ಒಂದು ತಂಡ ಶೀಲಿ ಹ್ವಾಲಾ ಸೋತಿತು ಅಂದರೆ ನುಚ್ಚುನೂರಾಯಿತು.

ಇದರಲ್ಲಿ ಎರಡು ಗುಟ್ಟು ಕಾಣುತ್ತವೆ. ಎರಡನೇ ಭಾಗ 'ಲ'ದಿಂದ ಶುರುವಾಗುವುದು ತುಂಬಾ ಸಾಮಾನ್ಯ: ಗುಡುಗು 'ಹೊಂಗ್‌ಲೊಂಗ್', ಗೊರಕೆ 'ಹೂಲು', ಹೊಟ್ಟೆಯ ಗುಡುಗುಡು 'ಗೂಲು'. ಇನ್ನೊಂದು, ಮೊದಲು 'ಇ' ಬಂದು ಆಮೇಲೆ 'ಆ' ಬರುವುದು: ಗಡಿಯಾರ 'ದೀದಾ', ಗಂಟೆ 'ದಿಂಗ್‌ದಾಂಗ್'. ಎರಡೂ ಗುಟ್ಟು ಸೇರಿದರೆ ಪಟಾಕಿ ಸರದ 'ಪೀಲಿಪಾಲಾ'. ನಮ್ಮ ಚಿಟಪಟ, ಟಿಣ್ ಟಣ್ ಕೂಡ ಇ ಮೊದಲು, ಅ ಆಮೇಲೆ ಎಂಬ ನಿಯಮವನ್ನೇ ಪಾಲಿಸುತ್ತವೆ. ತಿರುಗಿಸಿ 'ದಾದೀ' ಅಂದರೆ ಅವರ ಕಿವಿಗೂ ಒಗ್ಗುವುದಿಲ್ಲ.

ನಮ್ಮಲ್ಲಿ ಟಕ್, ಪಟ್, ಧೊಪ್ ಇದೆ. ಅವರಲ್ಲಿ ಅಂಥ ಗಟ್ಟಿ ಸದ್ದು ಯಾಕಿಲ್ಲ?

ಮ್ಯಾಂಡರಿನ್ ಪದದ ಕೊನೆಯಲ್ಲಿ ಕ್, ಟ್, ಪ್ ನಿಲ್ಲುವುದೇ ಇಲ್ಲ. ಸ್ವರ ಬರಬೇಕು, ಇಲ್ಲವೇ 'ನ್' ಅಥವಾ 'ಂಗ್' ಬರಬೇಕು. ಉತ್ತರದ ಮಾತಿನಲ್ಲಿ 'ರ್' ಕೂಡ ಸೇರುತ್ತದೆ. ಟೋನ್ ಲೆಕ್ಕಕ್ಕೆ ಹಿಡಿಯದಿದ್ದರೆ ಒಟ್ಟು ಉಚ್ಚಾರದ ತುಂಡುಗಳು ಸುಮಾರು 400 ಅಷ್ಟೇ. ಪ್ರಪಂಚದ ಸದ್ದೆಲ್ಲ ಅಷ್ಟರಲ್ಲೇ ಹಿಡಿಸಬೇಕು.

ಆದರೆ ಇರುವುದನ್ನು ಎಷ್ಟು ಚೆನ್ನಾಗಿ ಹಂಚಿಕೊಂಡಿದ್ದಾರೆ ನೋಡಿ. ಕಂಪನ ಉಳಿಯುವ ಸದ್ದಿಗೆ 'ಂಗ್': ಲೋಹದ 'ದಾಂಗ್', ತಗಡು ಬಿದ್ದ 'ಕ್ವಾಂಗ್', ನಗಾರಿಯ 'ದೊಂಗ್', ಬಾಗಿಲಿನ 'ಪಂಗ್'. ಕಂಪನ ಇಲ್ಲದೆ ಥಟ್ಟನೆ ಮುಗಿಯುವ ಸದ್ದಿಗೆ ಬರೀ ಸ್ವರ: ಚಪ್ಪಾಳೆಯ 'ಪಾ', ಕ್ಯಾಮೆರಾ ಕ್ಲಿಕ್ಕಿನ 'ಕಾಚಾ', ತೊಟ್ಟಿಕ್ಕುವ ನೀರಿನ 'ದೀದಾ'. ಹೊಸ ಪದ ಕೇಳಿದಾಗ ಕೊನೆಯನ್ನು ಗಮನಿಸಿದರೆ ಸಾಕು, ಸದ್ದು ಎಂಥದ್ದು ಅಂತ ಅರ್ಧ ಗೊತ್ತಾಗುತ್ತದೆ.

ಹಳೆಯ ಚೀನೀ ಮಾತಿನಲ್ಲಿ ಕ್, ತ್, ಪ್ ಕೊನೆಗಳು ಇದ್ದವು. ಹಾಂಗ್‌ಕಾಂಗ್ ಕಡೆಯ ಚೀನೀ ಮಾತಾದ ಕ್ಯಾಂಟನೀಸ್‌ನಲ್ಲಿ ಇಂದಿಗೂ ಇವೆ. 'ದೀದಾ' ಬರೆಯುವ ಅಕ್ಷರಗಳನ್ನೇ ಹಾಂಗ್‌ಕಾಂಗ್‌ನವರು 'ದಿಕ್ ದಾಪ್' ಎಂದು ಓದುತ್ತಾರೆ. ನಮ್ಮ ಟಿಕ್ ಟಕ್‌ಗೆ ಅದು ಎಷ್ಟು ಹತ್ತಿರ!

ಥಳಥಳ, ಮಿಣಮಿಣ ಥರ ಸದ್ದಿಲ್ಲದ್ದಕ್ಕೂ ಜೋಡಿ ಪದ ಇದೆಯಾ?

ಇದೆ, ಆದರೆ ಅದು ಬೇರೆ ಕಟ್ಟಡ. ಗುಣವಾಚಕದ ಹಿಂದೆ ಜೋಡಿ ಬರುತ್ತದೆ. 'ಲ್ಯಾಂಗ್‌ಜಿಂಗ್‌ಜಿಂಗ್' ಅಂದರೆ ಥಳಥಳ ಹೊಳೆಯುವ, 'ಪಾಂಗ್‌ಹೂಹೂ' ಅಂದರೆ ದುಂಡದುಂಡಗೆ, 'ಜಿಂಗ್‌ಚ್ಯಾವ್‌ಚ್ಯಾವ್' ಅಂದರೆ ಗಪ್‌ಚಿಪ್ ಮೌನ. ಮೊದಲ ತುಂಡು ತೆಗೆದು ಬರೀ ಜೋಡಿಯನ್ನೇ ಥಳಥಳದ ಹಾಗೆ ಬಳಸಲು ಸಾಮಾನ್ಯವಾಗಿ ಆಗುವುದಿಲ್ಲ. ಈ ವಿಷಯದಲ್ಲಿ ಕನ್ನಡ ಹೆಚ್ಚು ಶ್ರೀಮಂತ.

## ಬರಹದಲ್ಲಿ

ಅಕ್ಷರಕ್ಕೆಲ್ಲ ಅರ್ಥ ಇರುತ್ತೆ ಅಂತಾರೆ. ಹಾಗಾದ್ರೆ ಬರೀ ಸದ್ದನ್ನ ಹೇಗೆ ಬರೀತಾರೆ?

ಉಚ್ಚಾರ ಹೊಂದುವ ಒಂದು ಅಕ್ಷರ ತಗೊಂಡು ಅದರ ಎಡಕ್ಕೆ ಪುಟ್ಟ ಚೌಕ ಬರೆಯುತ್ತಾರೆ. ಆ ಚೌಕ ಬಾಯಿಯ ಗುರುತು. 'ಚಳಿಗಾಲ' ಎಂಬ ಅಕ್ಷರದ ಉಚ್ಚಾರ 'ದೊಂಗ್'. ಅದಕ್ಕೆ ಬಾಯಿ ಸೇರಿಸಿದರೆ ನಗಾರಿಯ ದೊಂಗ್. ಚಳಿಗೂ ನಗಾರಿಗೂ ಸಂಬಂಧ ಇಲ್ಲ. ಬಾಯಿ ಕಂಡ ಕೂಡಲೇ 'ಇದನ್ನು ಕಿವಿಯಿಂದ ಓದು' ಅಂತ ತಿಳಿಯಬೇಕು. ಎಲ್ಲಕ್ಕೂ ಬಾಯಿಯೇ ಇರುವುದಿಲ್ಲ. ಮಳೆಯ 'ಶೀಲಿ'ಗೆ ನೀರಿನ ಗುರುತು, 'ಪಂಗ್'ಗೆ ಕಲ್ಲಿನ ಗುರುತು. ನಾಯಿಯ 'ವಾಂಗ್' ಕೂಡ ನೀರಿನ ಗುರುತಿನ ಅಕ್ಷರವೇ, ಉಚ್ಚಾರಕ್ಕಾಗಿ ಸಾಲ ತಂದದ್ದು.

ಕೆಲವನ್ನು ನಿಧಾನವಾಗಿ ನೋಡಬೇಕು. 'ಹೊಂಗ್' ಎಂಬ ಭಾರೀ ಸದ್ದಿನ ಹಳೆಯ ರೂಪದಲ್ಲಿ ಮೂರು ಗಾಡಿಗಳು ಒಂದರ ಮೇಲೊಂದು ಸೇರಿವೆ. ಗದ್ದಲದ 'ಝಾವ್' ಅಕ್ಷರದ ಬಲಗಡೆ ಒಂದು ಮರ, ಅದರ ಮೇಲೆ ಮೂರು ಬಾಯಿ: ಮರದ ತುಂಬ ಹಕ್ಕಿಗಳ ಗಲಾಟೆ. ಪಿಂಗ್‌ಪಾಂಗ್ ಆಟದ ಹೆಸರಿನ ಎರಡೂ ಅಕ್ಷರಗಳು 'ಸೈನಿಕ' ಎಂಬ ಅಕ್ಷರದಿಂದ ಬಂದವು. ಒಂದರಲ್ಲಿ ಬಲಗಾಲಿನ ಗೆರೆ ಇಲ್ಲ, ಇನ್ನೊಂದರಲ್ಲಿ ಎಡಗಾಲಿನದು ಇಲ್ಲ. ಅಕ್ಕಪಕ್ಕ ಬರೆದಾಗ ಚೆಂಡು ಅತ್ತಿಂದಿತ್ತ ಹೋದ ಹಾಗೆಯೇ ಕಾಣುತ್ತದೆ.

ಅಕ್ಷರವೇ ಇಲ್ಲದ ಸದ್ದು ಬಂದರೆ?

ಪಿನ್‌ಯಿನ್‌ನಲ್ಲೇ ಬರೆಯುತ್ತಾರೆ, ಇಲ್ಲವೇ ಹೊಸ ಅಕ್ಷರ ಕಟ್ಟುತ್ತಾರೆ. ಜಾಕಿ ಚಾನ್ ಹಳೆಯ ಶಾಂಪೂ ಜಾಹೀರಾತೊಂದರಲ್ಲಿ ಕೂದಲು ಪುಟಿಯುವುದನ್ನು ತೋರಿಸಲು 'ದ್ವಾಂಗ್' ಅಂದಿದ್ದರು. ಮ್ಯಾಂಡರಿನ್ ಉಚ್ಚಾರದ ಪಟ್ಟಿಯಲ್ಲಿ ಅಂಥ ತುಂಡೇ ಇಲ್ಲ. 2015ರಲ್ಲಿ ಅದು ಇಂಟರ್ನೆಟ್ಟಿನಲ್ಲಿ ಕಾಡ್ಗಿಚ್ಚಿನಂತೆ ಹರಡಿತು. ಅವರ ಚೀನೀ ಹೆಸರು ಚಂಗ್ ಲೊಂಗ್. ಆ ಎರಡು ಅಕ್ಷರಗಳನ್ನು ಮೇಲೆ ಕೆಳಗೆ ಜೋಡಿಸಿ ಜನ 'ದ್ವಾಂಗ್' ಬರೆದರು.

ಶಾನ್‌ಶಿ ಪ್ರಾಂತ್ಯದ 'ಬ್ಯಾಂಗ್‌ಬ್ಯಾಂಗ್' ನೂಡಲ್ಸ್ ಇದಕ್ಕಿಂತ ತುಂಬಾ ಹಳೆಯದು. ಹಿಟ್ಟಿನ ಪಟ್ಟಿಯನ್ನು ಹಲಗೆಗೆ ಬಡಿಯುವ ಸದ್ದಿನಿಂದ ಆ ಹೆಸರು ಬಂತು ಅನ್ನುತ್ತಾರೆ. ಅದರ ಅಕ್ಷರಕ್ಕೆ 50ಕ್ಕೂ ಹೆಚ್ಚು ಗೆರೆ. ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯುನಿಕೋಡ್‌ಗೆ ಸೇರಿದ್ದು 2020ರಲ್ಲಿ.

ಚಾಟ್‌ನಲ್ಲಿ 555 ಅಂತ ಬಂತು, ಏನದು?

ಅಳು. ಐದು ಅಂದರೆ 'ವು', ಮೂರು ಸಲ ಹೇಳಿದರೆ 'ವೂವೂವೂ' ಅಂತ ಅತ್ತ ಹಾಗೆ. 88 ಅಂದರೆ 'ಬಾಬಾ', ಬೈಬೈ. 233 ಅಂದರೆ ಬಿದ್ದು ಬಿದ್ದು ನಗು. ಅದು ಸದ್ದಿನಿಂದ ಬಂದದ್ದಲ್ಲ, ಹಳೆಯ ಚೀನೀ ವೆಬ್‌ಸೈಟ್ ಒಂದರಲ್ಲಿದ್ದ ನಗುವ ಚಿತ್ರದ ಸಂಖ್ಯೆ.

ನಗುವಿನ ಪದಗಳಲ್ಲಿ ಹುಷಾರಾಗಿರಿ. 'ಹಾಹಾ' ನಿಜವಾದ ನಗು, 'ಶೀಶೀ' ಕಿಸಕಿಸ, 'ಹೇಯ್‌ಹೇಯ್' ತುಂಟ ನಗು. 'ಹೆಹೆ' ಮಾತ್ರ ಚಾಟ್‌ನಲ್ಲಿ ತಣ್ಣಗಿನ, 'ಸಾಕು ಬಿಡು' ಎಂಬ ಧಾಟಿ ಪಡೆದಿದೆ. ನಮ್ಮವರು ಕನ್ನಡದ ಅಭ್ಯಾಸದಲ್ಲಿ ಅದನ್ನೇ ಕಳಿಸುತ್ತಾರೆ, ಆಚೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಚಪ್ಪಾಳೆಗೆ ಅಂತ 'ಪಾಪಾಪಾ' ಬರೆಯಬೇಡಿ. ಅದಕ್ಕೀಗ ಲೈಂಗಿಕ ಅರ್ಥ ಅಂಟಿಕೊಂಡಿದೆ.

## ಇನ್ನೂ ಒಳಗೆ

ಹಳೆಯ ಕಾವ್ಯದಲ್ಲೂ ಇಂಥ ಪದಗಳಿವೆಯಾ?

ಚೀನಾದ ಅತಿ ಹಳೆಯ ಕವನ ಸಂಗ್ರಹ 'ಶಜಿಂಗ್' ಶುರುವಾಗುವುದೇ ಹಕ್ಕಿಯ 'ಗ್ವಾನ್‌ಗ್ವಾನ್' ಕೂಗಿನಿಂದ. ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಹಾಡುಗಳವು. ಮರ ಕಡಿಯುವ ಕೊಡಲಿಗೆ ಅಲ್ಲಿ 'ಜಂಗ್‌ಜಂಗ್'. ಈ ಪದ ಬರೆಯುವ ಅಕ್ಷರಕ್ಕೆ ಬೇರೆಲ್ಲ ಕಡೆ 'ದಿಂಗ್' ಎಂಬ ಉಚ್ಚಾರ. 816ರಲ್ಲಿ ಕವಿ ಬಾಯ್ ಜೂಯಿ ಪೀಪಾ ವಾದ್ಯ ನುಡಿಸುವ ಹೆಂಗಸಿನ ಬಗ್ಗೆ ಬರೆದ ನೀಳ ಕವನದಲ್ಲಿ ದಪ್ಪ ತಂತಿಗೆ 'ತ್ಸಾವ್‌ತ್ಸಾವ್', ಸಣ್ಣ ತಂತಿಗೆ 'ಚ್ಯೆಚ್ಯೆ' ಎಂಬ ಪದ ಕೊಟ್ಟ. ಒಂದು ಬಿರುಮಳೆ, ಇನ್ನೊಂದು ಪಿಸುಮಾತು. ಮರುಸಾಲಿನಲ್ಲೇ ಆ ಹೆಂಗಸು ಎರಡನ್ನೂ ಬೆರೆಸಿ ನುಡಿಸುತ್ತಾಳೆ. ಜೋರಾಗಿ ಓದಿ. ಅರ್ಥ ಗೊತ್ತಿಲ್ಲದಿದ್ದರೂ ತಂತಿ ಕೇಳಿಸುತ್ತದೆ.

ಸದ್ದಿನ ಗಾದೆಗಳು ನಮ್ಮವಕ್ಕೆ ಹೊಂದುತ್ತವಾ?

ಕೆಲವು ಅಚ್ಚು ಹೊಯ್ದ ಹಾಗೆ ಹೊಂದುತ್ತವೆ. 'ಯಿ ಪಿಂಗ್‌ತ್ಸ ಬು ಶ್ಯಾಂಗ್, ಬಾನ್ ಪಿಂಗ್‌ತ್ಸ ಹ್ವಾಂಗ್‌ದಾಂಗ್': ತುಂಬಿದ ಬಾಟಲಿ ಸದ್ದು ಮಾಡದು, ಅರ್ಧ ಬಾಟಲಿ ಕುಲುಕುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ, ಅಲ್ವಾ? ಒಂದು ಅಂಗೈಯಿಂದ ಸದ್ದಾಗದು ಎಂಬುದೂ ಇದೆ, ಒಂದೇ ಕೈಯಿಂದ ಚಪ್ಪಾಳೆ ಆಗದ ಹಾಗೆ. 'ಗುಡುಗು ದೊಡ್ಡದು, ಮಳೆ ಹನಿ ಸಣ್ಣದು' ಅಂದರೆ ಆರ್ಭಟ ಜಾಸ್ತಿ, ಕೆಲಸ ಕಮ್ಮಿ. ನಿಶ್ಶಬ್ದಕ್ಕೆ 'ಕಾಗೆ ಗುಬ್ಬಿಯ ಸದ್ದೂ ಇಲ್ಲ' ಎನ್ನುತ್ತಾರೆ. ತನ್ನ ಕಿವಿ ಮುಚ್ಚಿಕೊಂಡು ಗಂಟೆ ಕದಿಯುವವನು ನಮ್ಮ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಕಡೆಯವನು.

ಚೀನೀ ಕಥೆಯನ್ನ ಕನ್ನಡಕ್ಕೆ ತರುವಾಗ ಸದ್ದಿನ ಪದ ಹಾಗೇ ಬಿಡಲಾ, ಬದಲಾಯಿಸಲಾ?

ಬದಲಾಯಿಸಿ. 'ನಾಯಿ ವಾಂಗ್‌ವಾಂಗ್ ಎಂದಿತು' ಅಂದರೆ ಓದುವವರ ಗಮನ ಕಥೆಯಿಂದ ಪದಕ್ಕೆ ಜಾರುತ್ತದೆ. ಮಳೆಯ ವಿಷಯದಲ್ಲಿ ಪ್ರಮಾಣ ನೋಡಿಕೊಳ್ಳಿ: 'ಶೀಲಿ' ಇದ್ದರೆ ಜಿಟಿಜಿಟಿ, 'ಹ್ವಾಹ್ವಾ' ಇದ್ದರೆ ಧೋ. ಎಲ್ಲದಕ್ಕೂ 'ಮಳೆ ಸುರಿಯಿತು' ಎಂದು ಬರೆದು ಮುಗಿಸುವ ಅನುವಾದಗಳು ಮೂಲದ ಅರ್ಧ ಜೀವವನ್ನು ಅಲ್ಲೇ ಬಿಟ್ಟುಬರುತ್ತವೆ.

ಸದ್ದಿನಲ್ಲೇ ಮಾತು ಅಡಗಿದ್ದರೆ ಮಾತ್ರ ಮೂಲವನ್ನು ಉಳಿಸಬೇಕು. ಕೋಗಿಲೆ ಜಾತಿಯ ಹಕ್ಕಿಯೊಂದರ ಕೂಗು ಚೀನೀ ರೈತನ ಕಿವಿಗೆ 'ಬುಗು', ಅಂದರೆ 'ಕಾಳನ್ನು ಬಿತ್ತು'. ಬಿತ್ತನೆ ಹೊತ್ತಿಗೇ ಅದು ಕೂಗುತ್ತದೆ. ಬೇಸಿಗೆಯ ಮರದಲ್ಲಿ ಕಿರುಗುಟ್ಟುವ ಸಿಕಾಡ ಕೀಟಕ್ಕೆ 'ಜಲ್ಯಾವ್' ಎಂದೇ ಹೆಸರು, ಅಂದರೆ 'ಗೊತ್ತಾಯ್ತು'. ಕಥೆಯಲ್ಲಿ ಹುಡುಗನೊಬ್ಬ ಪಾಠ ಬಾರದೆ ಮರದಡಿ ಕೂತಿದ್ದಾನೆ, ಮೇಲೆ ಜಲ್ಯಾವ್ ಕೂಗುತ್ತಿದೆ ಎಂದಿಟ್ಟುಕೊಳ್ಳಿ. ಅಲ್ಲಿ 'ಜೀರುಂಡೆ ಗುಯ್‌ಗುಟ್ಟಿತು' ಅಂದರೆ ಏನೂ ಉಳಿಯುವುದಿಲ್ಲ. 'ಜಲ್ಯಾವ್, ಜಲ್ಯಾವ್, ಗೊತ್ತಾಯ್ತು, ಗೊತ್ತಾಯ್ತು' ಎಂದು ಎರಡನ್ನೂ ಪಕ್ಕಪಕ್ಕ ಇಡಿ. ಅಡಿಟಿಪ್ಪಣಿಯ ಅಗತ್ಯ ಬೀಳುವುದಿಲ್ಲ.